ಏಳನೇ ಕಾಲಮ್ಮಿನಲ್ಲಿ ಮುಳುಗಿದ ಅಂದಮಾನ

ನಮ್ಮ ಮಾಮಾ ಅಂದಮಾನಕ್ಕೆ ಹೊರಟಿದ್ದಾರೆ ಎಂಬ ಸುದ್ದಿ ಇಳಕಲ್ಲಿನ ಓಣಿಯಲ್ಲಿ ಹಬ್ಬಿದ ದಿನ, ಎದುರುಮನೆಯ ಮುದುಕಿ ಬಾಗಿಲಲ್ಲೇ ನಿಂತು ನಮ್ಮಕ್ಕನನ್ನು ಕೇಳಿದಳು:

"ಯಾರನ್ನ ಕೊಂದಾನಬೇ ನಿನ್ನ ಗಂಡ?"

ತಪ್ಪು ಅವಳದಲ್ಲ. ಅವಳಿಗೆ ಅಂದಮಾನ ಅಂದರೆ ಕರಿನೀರಿನ ಶಿಕ್ಷೆ. ಬ್ರಿಟಿಷರು ಹೋಗಿ ಇಷ್ಟು ವರ್ಷವಾಯಿತು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. (ನಮ್ಮ ಕೆಲವು ಆಫೀಸುಗಳಿಗೂ ಹೇಳಿದಂತಿಲ್ಲ.)

ಸಂಗತಿ ಇಷ್ಟೆ. ನಮ್ಮಕ್ಕ ಶಾಂತವ್ವನ ಗಂಡ ಸಂಗಪ್ಪ ಮಾಮಾ ಇಳಕಲ್ಲಿನ ನೇಕಾರ. ಅಂದಮಾನದಲ್ಲಿ ಮಗ್ಗದ ಕೆಲಸ ಕಲಿಸುವ ಕೇಂದ್ರವೊಂದು ತೆರೆಯುತ್ತದೆ, ಇಳಕಲ್ ಸೀರೆ ನೇಯುವ ಮಾಸ್ತರೊಬ್ಬ ಬೇಕು, ಕುಟುಂಬ ಸಮೇತ ಬರಬೇಕು, ಎರಡು ಖೋಲಿಯ ಕ್ವಾರ್ಟರ್ಸ್ ಕೊಡುತ್ತೇವೆ ಅಂತ ಸರ್ಕಾರದ ಕಾಗದ ಬಂದಿತ್ತು. ಮಾಮಾ ಅರ್ಜಿ ಹಾಕುತ್ತೇನೆ ಅಂದರು.

ಮಾಮಾ ಅಂದರು ಅಂತ ಬರೆದೆನಲ್ಲ, ಅದು ಸುಳ್ಳು. ಅನ್ನಿಸಿದವಳು ಅಕ್ಕ.

ಆ ಮನೆಯ ಕಥೆ ನಿಮಗೆ ಗೊತ್ತಿರಬೇಕು. ಅತ್ತೆ, ಮೂವರು ಮೈದುನರು, ಅವರ ಹೆಂಡಿರು, ನಾಲ್ಕು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಒಂದು ಸೀರೆಗೆ ಸಾವಿರಾರು ಕೊಂಡಿ, ಪ್ರತಿ ಸೀರೆಗೂ ಮತ್ತೆ ಹೊಸದಾಗಿ. ಕೊಂಡಿ ಬೀಳದೆ ಸೆರಗಿಲ್ಲ. ಸೆರಗಿಲ್ಲದೆ ಇಳಕಲ್ ಸೀರೆ ಎಲ್ಲಿಯದು? ಆ ಮನೆಯಲ್ಲಿ ನಾಲ್ಕೂ ಮಗ್ಗದ ಕೊಂಡಿ ಅಕ್ಕನದೇ. ನೆಗೆಣ್ಣಿಯರಿಗೆ ಅಷ್ಟು ಕೈ ಓಡುವುದಿಲ್ಲ.

"ಲೇ ತಮ್ಮಾ," ಅಂದಿದ್ದಳು ನನಗೆ, "ಹದಿನಾರ ವರ್ಸ ಆತು ಈ ಮನಿಗೆ ಬಂದು. ಒಂದ ದಿನಾ ನನಗ ಬೇಕಾದ ಪಲ್ಯಾ ಮಾಡಿ ಉಂಡಿಲ್ಲ. ಅಲ್ಲಿ ಹೋದ್ರ ನಂದ ಒಲಿ, ನಂದ ಬಾಗಲಾ. ಸಮುದ್ರ ಇರಲಿ, ಏನರ ಇರಲಿ."

ಅರ್ಜಿ ಹಾಕುವ ಮೊದಲೇ ಹೊರಡುವ ತಯಾರಿ ಶುರುವಾಯಿತು. ಮಾಮಾನ ತಯಾರಿ ಎಂಥದು? "ಅಲ್ಲೆ ಎಲಿ ಅಡಕಿ ಸಿಗತೈತೋ ಇಲ್ಲೋ?" ಎಂಬ ಒಂದೇ ಚಿಂತೆಯಲ್ಲಿ ಎರಡು ವಾರ ಕಳೆದರು. ಅತ್ತೆಯ ತಯಾರಿ, ದಿನಕ್ಕೆ ಮೂರು ಸಲ ಅಳುವುದು. ನನ್ನ ತಯಾರಿ, ನಾನಿರುವ ಬಾಗಲಕೋಟೆಯಲ್ಲಿ ಕಂಡಕಂಡವರಿಗೆಲ್ಲ "ನಮ್ಮಕ್ಕ ಹಡಗು ಹತ್ತತಾಳ್ರಿ" ಅಂತ ಹೇಳಿಕೊಂಡು ತಿರುಗಿದ್ದು.

ಅಕ್ಕ ಮಾತ್ರ ಪ್ರಶ್ನೆ ಕೇಳಿದಳು. ಅಲ್ಲಿ ಮಳೆ ಎಷ್ಟು ತಿಂಗಳು? ನನಗೇನು ಗೊತ್ತು! ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನ ಪಕ್ಕದ ಮನೆಯ ಭೂಗೋಳದ ಮಾಸ್ತರರನ್ನು ಕೇಳಿ ಬಂದು ಹೇಳಿದೆ. ಹೆಚ್ಚುಕಡಿಮೆ ಎಂಟು ತಿಂಗಳು.

"ಎಂಟ ತಿಂಗಳಾ? ಹಂಗಾರ ಕುಣಿಯೊಳಗ ನೀರ ನಿಂದ್ರತಾವು. ಮಗ್ಗಕ್ಕ ಕಟಗಿ ಕಾಲ ಹಚ್ಚಿ ಎತ್ತಿ ನಿಂದ್ರಸಬೇಕು. ನೂಲಿಗೆ ಗಂಜಿ ಹಚ್ಚಿ ಓಣ್ಯಾಗ ಹಾಸಾಕ ಬರಂಗಿಲ್ಲ. ಪಡಸಾಲಿ ಎಷ್ಟ ಉದ್ದ ಐತಿ, ನೋಡು."

ಕಾಗದದ ಜೊತೆ ಕ್ವಾರ್ಟರ್ಸಿನ ನಕ್ಷೆ ಇತ್ತು. ಪಡಸಾಲೆಯ ಉದ್ದ ಓದಿ ಹೇಳಿದೆ. ಅಷ್ಟುದ್ದದ ಒಂದು ಎಳೆ ಅಳೆದು ಕತ್ತರಿಸಿ, ಮನೆಯ ಗೋಡೆಯಿಂದ ಗೋಡೆಗೆ ಹಿಡಿದು ನೋಡಿದಳು. "ಸಾಕು. ನೂಲ ತಿರುವಿ ಹಾಸಿದ್ರ ಹಿಡಿತೈತಿ" ಅಂದಳು. ಎಳೆಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಈಗ ಹೇಳಿ, ಮಾಸ್ತರಿಕೆ ಯಾರಿಗೆ ಸಿಗಬೇಕಿತ್ತು?

ಅರ್ಜಿ ಇಂಗ್ಲಿಷಿನಲ್ಲಿತ್ತು. ಇಡೀ ಬಳಗದಲ್ಲಿ ಇಂಗ್ಲಿಷ್ ಬಲ್ಲ ಪಂಡಿತ ನಾನೊಬ್ಬನೇ. ಕಾಲೇಜಿನ ಗುಮಾಸ್ತ, ಮೇಲೆ ಪೇಪರಿನಲ್ಲಿ ಬರೆಯುವವನು. ಬಸ್ ಹತ್ತಿಸಿ ಕರೆಸಿಕೊಂಡರು, ಚಹಾ ಕೊಟ್ಟರು, ಜಮಖಾನೆ ಹಾಸಿದರು. ನಾನು ಪೆನ್ನಿನ ಟೊಪ್ಪಿಗೆ ತೆಗೆದು ದೊಡ್ಡ ಮನುಷ್ಯನ ಹಾಗೆ ಕೂತೆ.

ಏಳನೇ ಕಾಲಮ್ಮಿನಲ್ಲಿ ಕುಟುಂಬದವರ ಹೆಸರು, ವಯಸ್ಸು, ಉದ್ಯೋಗ ಕೇಳಿದ್ದರು.

"ತಮ್ಮಾ, ನನ್ನ ಹೆಸರಿನ ಮುಂದ ಕೊಂಡಿ ಕೆಲಸಾ ಅಂತ ಬರಿ" ಅಂದಳು ಅಕ್ಕ.

ಒಳಗಿಂದ ಅತ್ತೆಯ ದನಿ ಬಂತು. "ಸೊಸಿ ದುಡೀತಾಳಂತ ಸರಕಾರಕ್ಕ ಬರಿಯೂದಾ? ನನ್ನ ಮಗಾ ಏನ್ ಬಳಿ ತೊಟಗೊಂಡಾನೇನು?"

ಮಾಮಾ ಎಲೆಯ ತೊಟ್ಟು ಮುರಿಯುತ್ತ ಕೂತಿದ್ದರು. ಎಲೆಗೆ ಸುಣ್ಣ ಹಚ್ಚಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

"ಅಕ್ಕಾ, ಸರಕಾರ ಅದನ್ನ ಉದ್ಯೋಗ ಅನ್ನಂಗಿಲ್ಲ. ಮನ್ಯಾಗ ಮಾಡೂದಕ್ಕೆಲ್ಲಾ ಹೌಸ್‌ವೈಫ್ ಅಂತಾರ."

"ಹಂಗಂದ್ರ?"

"ಮನ್ಯಾಗ ಇರಾಕಿ ಅಂತ."

"ಮನ್ಯಾಗ ಇರ್ತೇನಿ ಖರೆ," ಅಂದಳು, "ಸುಮ್ಮನ ಇರ್ತೇನೇನು?"

ನಾನು ಬರೆದುಬಿಟ್ಟೆ. ದುಂಡಗಿನ ಅಕ್ಷರದಲ್ಲಿ. ನನ್ನ ಕೈಬರಹ ಚೆಂದ ಅಂತ ಎಲ್ಲರೂ ಹೇಳುತ್ತಾರೆ.

ಕಳೆದ ತಿಂಗಳು ಹುನಗುಂದದಲ್ಲಿ ಪರೀಕ್ಷೆ. ಇಬ್ಬರನ್ನು ಕರೆದಿದ್ದರು. ಒಬ್ಬರು ನಮ್ಮ ಮಾಮಾ, ಇನ್ನೊಬ್ಬ ಪಕ್ಕದ ಹಳ್ಳಿಯ ಹನಮಂತ. ಕೆಂಪು ಬಸ್ಸಿನಲ್ಲಿ ಹೋದೆವು. ಆವತ್ತೇ ತೀರ್ಮಾನ ಅಂದಿದ್ದರಿಂದ ಅಕ್ಕನೂ ಬಂದಿದ್ದಳು. ಸಾಹೇಬರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬೇರೆ.

ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಎರಡು ಮಗ್ಗ ಹೂಡಿದ್ದರು. ಮಾಮಾ ಕೂತರು, ನೇಯ್ದರು. ಸುಳ್ಳೇಕೆ ಹೇಳಲಿ, ಚೆಂದ ನೇಯ್ದರು. ಮೈಸೂರು ಕಡೆಯ ಸಾಹೇಬರು ತಲೆಯಾಡಿಸಿ, "ಒಡಲು ಆಯ್ತು. ಈಗ ಸೆರಗು ಜೋಡಿಸಿ ತೋರಿಸಿ" ಅಂದರು.

ಮಾಮಾ ಎಳೆ ಹಿಡಿದರು, ಬಿಟ್ಟರು. ಮತ್ತೊಂದು ಹಿಡಿದರು, ಅದು ಹರಿಯಿತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಅದು... ಹೆಣಮಕ್ಕಳ ಕೆಲಸಾರಿ."

"ಹಾಗಾದರೆ ಅಲ್ಲಿ ಕಲಿಸೋದು ಯಾರು?"

"ನಮ್ಮ ಮನ್ಯಾಗಿನವ್ರಿಗೆ ಬರತೈತ್ರಿ. ಇಲ್ಲೇ ಅದಾರ್ರಿ."

ಅಕ್ಕ ಆಗಲೇ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. ಸಾಹೇಬರು ಅರ್ಜಿ ತಿರುವಿ ನೋಡಿದರು.

"ಇಲ್ಲಿ ಹೌಸ್‌ವೈಫ್ ಅಂತಿದೆಯಲ್ಲ. ಅರ್ಜಿಯಲ್ಲಿ ಏನಿದೆಯೋ ಅಷ್ಟೇ ನಾವು ನೋಡೋದು. ಕೂತ್ಕೊಳಮ್ಮ."

ನಾನು ಮುಂದೆ ನುಗ್ಗಿದೆ. "ಸರ್, ಬರದಾಂವ ನಾ ರೀ. ತಪ್ಪ ನಂದೈತ್ರಿ. ಆಕಿಗೆ ಒಂದ ತಾಸ ಕೊಡ್ರಿ." ಅವರು ನನ್ನನ್ನು ನೋಡಲೂ ಇಲ್ಲ. ಮುಂದಿನವನನ್ನು ಕರೆದರು.

ಹನಮಂತನ ಅರ್ಜಿಯನ್ನು ಹನಮಂತನೇ ಬರೆದಿದ್ದ. ಮೂರನೇ ಇಯತ್ತೆ ಓದಿದವನು, ಕಾಲಮ್ಮುಗಳ ಅರ್ಥ ಯಾರನ್ನೋ ಕೇಳಿಕೊಂಡು ಇಂಗ್ಲಿಷ್ ಅರ್ಜಿಯಲ್ಲೇ ಸೊಟ್ಟಸೊಟ್ಟ ಕನ್ನಡ. ಏಳನೇ ಕಾಲಮ್ಮಿನಲ್ಲಿ ಗೆರೆ ದಾಟಿ ಬರೆದಿದ್ದ: 'ನಾನು ನೇಯತೇನಿ, ಆಕಿ ಕೊಂಡಿ ಹಾಕತಾಳ, ಇಬ್ಬರೂ ಕೂಡೇ ಸೀರಿ.' ಸಾಹೇಬರು ಅದನ್ನು ದನಿಯೆತ್ತಿ ಓದಿ ನಕ್ಕರು. ನಕ್ಕು ಅವನ ಹೆಂಡತಿಯನ್ನು ಮಗ್ಗದ ಮುಂದೆ ಕೂರಿಸಿದರು.

ಅಕ್ಕ ಕಿಟಕಿಯಲ್ಲಿ ನಿಂತು ನೋಡಿದಳು. ಅವಳ ಬೆರಳುಗಳು ತಮ್ಮಷ್ಟಕ್ಕೇ ಆಡುತ್ತಿದ್ದವು. ಸಣ್ಣ ದನಿಯಲ್ಲಿ ಅಂದಳು, "ಎರಡ ಎಳಿ ಸಡ್ಲ ಬಿಟ್ಲು. ನೇಯೂ ಮುಂದ ಹರೀತಾವು." ಯಾರಿಗೆ ಹೇಳುವುದು? ನನಗೊಬ್ಬನಿಗೆ ಕೇಳಿಸಿತು.

ಮಧ್ಯಾಹ್ನಕ್ಕೆ ಹನಮಂತನ ಹೆಸರು ಕೂಗಿದರು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಖರೆ ಬರೆದ, ಹೋಗಲಿ ಪುಣ್ಯಾತ್ಮ. ಸಿಟ್ಟಿರುವುದು ಓದುಬರಹ ಬಲ್ಲ ನನ್ನಂಥ ಕತ್ತೆಗಳ ಮೇಲೆ. ರೇಷನ್ ಕಾರ್ಡು, ಸಾಲಿಯ ದಾಖಲೆ, ಆಸ್ಪತ್ರೆಯ ಚೀಟಿ, ಎಲ್ಲ ಕಡೆ ಕಣ್ಣುಮುಚ್ಚಿ ಅದೇ ಒಂದು ಪದ ಬರೆಯುತ್ತೇವೆ. ಹೊಲದಲ್ಲಿ ಸೊಂಟ ಬಾಗಿಸಿ ಕಳೆ ಕೀಳುವವಳು ಹೌಸ್‌ವೈಫ್. ಹತ್ತು ಮಂದಿಗೆ ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಹಾಲು ಮಾರಿ ಬರುವವಳೂ ಹೌಸ್‌ವೈಫ್. ನೀವು ಬರೆದಿಲ್ಲವೇ? ಎದೆ ಮುಟ್ಟಿ ಹೇಳಿ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ರೊಟ್ಟಿಯ ಗಂಟು ಮುಂದಿಟ್ಟುಕೊಂಡಳು. ಅದಕ್ಕೆ ಕಟ್ಟಿದ್ದದ್ದು ಅದೇ ಎಳೆ, ಅಂದಮಾನದ ಪಡಸಾಲೆಯ ಉದ್ದದ್ದು. ಹಲ್ಲಿನಿಂದ ಕಡಿದು ಬಿಸಾಕಿದಳು. "ತಿನ್ರಿ. ಹಸದೀರಿ" ಅಂದಳು. ಮಾಮಾ ತಿಂದರು. ನನ್ನ ಪಾಲಿನ ರೊಟ್ಟಿಯನ್ನು ನಾನು ಗಂಟಿಗೇ ತಿರುಗಿ ಇಟ್ಟೆ.

ಹೋದ ಭಾನುವಾರ ಇಳಕಲ್ಲಿಗೆ ಹೋಗಿದ್ದೆ. ಅತ್ತೆ ಈಗ ಅಳುವುದನ್ನು ನಿಲ್ಲಿಸಿದ್ದಾಳೆ. ಮಾಮಾ "ನಮ್ಮ ಹಣೇಬಾರಾ" ಅಂತ ಎಲೆ ಮೆಲ್ಲುತ್ತಾರೆ. ಎದುರುಮನೆಯ ಮುದುಕಿಯಂತೂ ಮಾಮಾ ಶಿಕ್ಷೆಯಿಂದ ಪಾರಾದರು ಅಂತ ಖುಷಿಯಲ್ಲಿ ಸಕ್ಕರೆ ಹಂಚಿದ್ದಾಳೆ. ಅಕ್ಕ ಮೂರನೇ ಮಗ್ಗದ ಮುಂದೆ ಕೊಂಡಿ ಹಾಕುತ್ತ ಕೂತಿದ್ದಳು. ಕಣ್ಣಿಗೆ ಹತ್ತಿರ ಹಿಡಿದು ಹಾಕುತ್ತಿದ್ದಳು, ಮೊದಲು ಹಾಗಿರಲಿಲ್ಲ.

ಪಕ್ಕದಲ್ಲಿ ಕೂತು, "ಅಕ್ಕಾ, ಈ ವಾರ ಪೇಪರದಾಗ ನಿಂದಽ ಕತಿ ಬರೀತೇನಿ" ಅಂದೆ. ತಪ್ಪೊಪ್ಪಿಕೊಂಡರೆ ಹಗುರಾಗಬಹುದು ಎಂಬ ಆಸೆ ನನಗೆ.

ಅಕ್ಕ ತಲೆ ಎತ್ತಲಿಲ್ಲ. ಎಳೆಗೆ ಎಳೆ ಸೇರಿಸುತ್ತಲೇ ಕೇಳಿದಳು:

"ಬರಿಯಪಾ. ಈ ಸಲ ನನ್ನ ಕೆಲಸಾ ಏನಂತ ಬರೀತಿ?"