ಒಲೆ ನೋಡಿಲ್ಲ

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿ ಚುಕ್ಕೆಗಳು. ಕುದಿಯುವ ಕಬ್ಬಿನ ಪಾಕ ಸಿಡಿದ ಗುರುತು. ಗಂಡ ತೀರಿಕೊಂಡ ಮೇಲೆ ಮೂಗೂರಿನ ಹೊರಗಿನ ಆಲೆಮನೆಯನ್ನು ನಡೆಸುತ್ತಿದ್ದವರು ಅವರೇ. ಎಲ್ಲರಿಗೂ ಅವರು ಆಲೆಮನೆ ಅಮ್ಮ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಬೇಕು. ತಡವಾಗಿ ಬಂದ ಆಳನ್ನು ಬೈಯುತ್ತಿರಲಿಲ್ಲ, "ಬಿಸ್ಲು ನಿಂಗೋಸ್ಕರ ಕಾಯ್ತದಾ?" ಎಂದಷ್ಟೇ ಕೇಳುತ್ತಿದ್ದರು. ನನಗೆ ಅವರು ಹಿಡಿಸಿದ್ದು ಅದಕ್ಕೇ.

ನಾನು ನಂಜನಗೂಡಿನ ಒಂದು ತಿಂಡಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ಬೆಲ್ಲ ಕೊಡುವವರೆಲ್ಲ ಪರಿಸರ ಕೆಡಿಸುವುದಿಲ್ಲವೆಂದು ಬರೆದುಕೊಡಬೇಕು ಎಂದು ಮುಖ್ಯ ಕಚೇರಿಯಿಂದ ಆದೇಶ ಬಂತು. ಇಂಗ್ಲಿಷ್ ಫಾರಂ ಅನ್ನು ನಿಘಂಟು ಹಿಡಿದು ನಾನೇ ಕನ್ನಡಕ್ಕೆ ತಂದೆ. ತಲೆಬರಹ, ‘ಸುಸ್ಥಿರ ಸರಬರಾಜುದಾರರ ಘೋಷಣೆ’. ಉಳಿದವರೆಲ್ಲ ಓದದೆ ಸಹಿ ಹಾಕಿದರು. ಅಮ್ಮ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಸಿಡಿದರು.

"ಯಾರ್ ಸಾ ಸುಸ್ತಿದಾರ್ರು? ಸೊಸೈಟೀಲಿ ಓಗಿ ಕೇಳಿ, ಒಂದು ಕಂತು ತಪ್ಸಿದ್ರೆ ನನ್ನೆಸ್ರು ಬದ್ಲಾಯ್ಸಿ!"

ನಗು ತಡೆದುಕೊಂಡು ವಿವರಿಸಿದೆ. ಒಲೆಗೆ ಹಳೆಯ ಟೈರು ಹಾಕುವುದಿಲ್ಲ, ಹಾಕಿಯೂ ಇಲ್ಲ ಎಂದು ಸಹಿ ಮಾಡಿದರೆ ಮುಗಿಯಿತು ಎಂದೆ.

"ಅಂಗೆ ಕನ್ನಡದಲ್ಲಿ ಏಳಿ ಮತ್ತೆ. ಓದ ಮಳೇಲಿ ಕಬ್ಬಿನ ಸಿಪ್ಪೆ ನೆಂದೋಗಿತ್ತು, ಮೂರು ದಿಸ ಟೈರ್ ಆಕಿದೀನಿ. ಈಗ ಇಲ್ಲ ಅಂತ ರುಜು ಮಾಡ್ಲಾ?"

"ಎಲ್ಲರೂ ಮಾಡಿದ್ದಾರಲ್ಲಮ್ಮ."

"ಎಲ್ರ ಒಲೇನೂ ನೋಡ್ಕಂಡ್ ಬಂದ್ರಾ ಸಾ?"

ಅವರು ಫಾರಂನ ಕೆಳಗೆ ದಪ್ಪಕ್ಷರದಲ್ಲಿ ಬರೆದರು: ‘ಮೂರು ದಿನ ಟೈರು ಸುಟ್ಟಿದ್ದೇನೆ. ಸಿಪ್ಪೆ ನೆನೆಯದಂತೆ ಶೆಡ್ಡು ಕಟ್ಟಿಸುತ್ತಿದ್ದೇನೆ. ಇನ್ನು ಸುಡುವುದಿಲ್ಲ.’

ಅದನ್ನು ಹರಿದು ಹೊಸದು ಬರೆಸಿ, ಇಲ್ಲವಾದರೆ ಆಕೆಯ ಹೆಸರು ತೆಗೆಯಿರಿ ಎಂದಿತು ಮುಖ್ಯ ಕಚೇರಿ. ಅಮ್ಮನ ಬೆಲ್ಲದಲ್ಲಿ ಮುಕ್ಕಾಲು ಪಾಲು ನಮ್ಮಲ್ಲಿಗೇ ಬರುತ್ತಿತ್ತು. ಹೊಸ ಫಾರಂ ಹಿಡಿದು ಹೋಗಿ ಬೇಡಿಕೊಂಡೆ. ಅವರು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ಬೆಲ್ಲ ಬ್ಯಾಡ ಅಂದ್ರೆ ಬುಡಿ. ನಿಜ ಬರೆಯಕ್ಕೆ ಜಾಗ ಇಲ್ದಿರೋ ಕಾಗ್ದ ಯಾತಕ್ ತತ್ತೀರಿ ಸಾ?"

ಹೆಸರು ಹೋಯಿತು. ಉಳಿದ ಫಾರಂಗಳ ಮೇಲೆಲ್ಲ ‘ಪರಿಶೀಲಿಸಿದೆ’ ಎಂದು ನನ್ನ ಸಹಿಯಿತ್ತು. ಮರುದಿನ ಕಚೇರಿ ತೆರೆದ ಕೂಡಲೇ ಕುಳಿತು, ಒಂದೊಂದರ ಮೇಲೂ ಅದನ್ನು ಹೊಡೆದುಹಾಕಿ ‘ಒಲೆ ನೋಡಿಲ್ಲ’ ಎಂದು ಬರೆದು, ಸಹಿ ಮಾಡಿ ಮೇಲಕ್ಕೆ ಕಳಿಸಿದೆ. ವಾರದೊಳಗೆ ನನ್ನನ್ನು ಗೋದಾಮಿಗೆ ಹಾಕಿದರು.

ಸುದ್ದಿ ಕೇಳಿ ಅಮ್ಮ ಜೋರಾಗಿ ನಕ್ಕರು. ಆಗಲೇ ಅವರು ನರಸೀಪುರದ ಸಂತೆಯಲ್ಲಿ ತಾವೇ ಕುಳಿತು ಬೆಲ್ಲ ಮಾರತೊಡಗಿದ್ದರು. "ನಂದು ಆರ್ಡ್ರು ಓಯ್ತು, ನಿಮ್ದು ಕುರ್ಚಿ ಓಯ್ತು. ಇನ್ನೇನ್ ಕಿತ್ಕತ್ತಾರೆ? ಕುಂತ್ಕಳಿ, ಬೆಲ್ಲ ತಿನ್ನಿ."

ಕಳೆದ ವರ್ಷ ಅವರು ತೀರಿಕೊಂಡರು. ಫಾರಂಗಳ ಮೇಲೆ ನಾನು ಬರೆದದ್ದನ್ನು ಹಿಂದಕ್ಕೆ ಪಡೆದರೆ ಹಳೆಯ ಜಾಗ ಕೊಡುತ್ತೇವೆಂದು ನನ್ನ ನಿವೃತ್ತಿಗೆ ಮೊದಲು ಮೇಲಿನವರು ಎರಡು ಸಲ ಕಾಗದ ಕಳಿಸಿದ್ದರು. ಎರಡನ್ನೂ ಪೂರ್ತಿ ಓದಿದೆ. ಸಹಿ ಮಾಡಲಿಲ್ಲ.