ಕುದುರೆಮುಖಕ್ಕೆ ಎರಡು ರೂಮು

ಮೊಣಕಾಲು ನೋವೆಂದು ನಮ್ಮೂರ ಕಪಿಲಾ ನದಿಯ ಸೋಪಾನ ಇಳಿಯಲೂ ಹಿಂಜರಿಯುವ ನನ್ನ ಗಂಡ, ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಸಂಜೆ, "ಕುದುರೆಮುಖ ನ್ಯಾಷನಲ್ ಪಾರ್ಕಿಗೆ ಹೋಗಿ ಬೆಟ್ಟ ಹತ್ತೋಣ ಕಣೇ" ಎಂದರು. ಮದುವೆಯಾದಾಗಿನಿಂದ ಅವರಾಗಿಯೇ ಪ್ರವಾಸದ ಮಾತೆತ್ತಿದ್ದು ನನಗೆ ನೆನಪಿಲ್ಲ. ಅನುಮಾನ ಅಲ್ಲೇ ಮೊಳೆಯಿತು.

ಆಮೇಲಿನದು ಇನ್ನೂ ವಿಚಿತ್ರ. ಹೊಸ ಶೂ ಬಂತು. ಫೋನು ಬಂದರೆ ತಾರಸಿಗೆ ಹೋಗಿ ಮಾತಾಡುವರು. ಯಾರೆಂದು ಕೇಳಿದರೆ, "ಬೆಟ್ಟಕ್ಕೆ ಗೊತ್ತುಮಾಡಿರೋ ಜೀಪಿನವನು." ಜೀಪಿನವನಿಗೆ ದಿನಾ ಅಷ್ಟು ಹೊತ್ತು ಹೇಳುವುದೇನು? ಅವರು ಒಮ್ಮೆ ಹೋಂಸ್ಟೇಯವರಿಗೆ "ಎರಡು ರೂಮು" ಎಂದದ್ದೂ ಕಿವಿಗೆ ಬಿತ್ತು. ನಮ್ಮಿಬ್ಬರಿಗೆ ಎರಡು ರೂಮೇಕೆ? ಡಾಕ್ಟರು ಏನಾದರೂ ಹೇಳಿ, ಅದನ್ನು ನನ್ನಿಂದ ಮುಚ್ಚಿಟ್ಟು ಊರು ತೋರಿಸಲು ಹೊರಟಿದ್ದಾರೇನೋ ಎಂದು ಹೆದರಿ ಅವರ ಮಾತ್ರೆ ಡಬ್ಬಿಯನ್ನೂ ತಡಕಿದೆ. ಹಳೆಯ ಬಿ.ಪಿ. ಮಾತ್ರೆಗಳೇ ಇದ್ದವು.

ಆ ವಾರ ಶಿಕ್ಷಕರ ತರಬೇತಿಗೆಂದು ಟಿ. ನರಸೀಪುರಕ್ಕೆ ಹೋಗಿದ್ದೆ. ವಾಪಸಾಗುವಾಗ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನ ಹೆಂಡತಿ ಎದುರಾದಳು. ಅವರ ಮನೆ ಅದೇ ಊರಿನಲ್ಲಿ. ಅಮ್ಮನ ಕೊನೆಯ ದಿನಗಳಲ್ಲಿ ತಮ್ಮ ನನಗೊಂದು ಮಾತೂ ಹೇಳದೆ ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ಕರೆತಂದಿದ್ದ. ತಿಥಿ ಮುಗಿದ ಮೇಲೆ ನಾನೂ ತಮ್ಮನೂ ಮಾತು ಬಿಟ್ಟಿದ್ದೆವು. ಮುಖ ತಿರುಗಿಸಬೇಕೆಂದಿದ್ದೆ, ಅವಳೇ ನಗುತ್ತ ಬಂದಳು.

"ಬೆಟ್ಟದಲ್ಲಿ ಜಿಗಣೆಗೆ ಹಚ್ಚೋಕೆ ನಶ್ಯದ ಪುಡಿ ನಾನೇ ತರ್ತೀನಿ ಅತ್ಗೆ, ನೀವು ತರ್ಬೇಡಿ. ನಮ್ಮನ್ನೂ ಕರೀಬೇಕು ಅಂತ ನೀವೇ ಅಂದ್ರಂತಲ್ಲ, ಇವ್ರಿಗೆ ಎಷ್ಟು ಖುಷಿ ಗೊತ್ತಾ?"

ನಾನು "ಹೂಂ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಮನೆಗೆ ಬಂದವಳೇ ಕೇಳಿದೆ. "ನಾನ್ಯಾವಾಗ್ರೀ ಅವನನ್ನ ಕರೀಬೇಕು ಅಂದೆ?"

ಗಂಡ ಪೇಪರು ಮಡಿಸಿಟ್ಟರು. "ಅನ್ಲಿಲ್ಲ. ಊರಲ್ಲಾದ್ರೆ ನೀನು ಎದ್ದು ಒಳಗೋಗ್ತೀಯ, ಅವನು ಎದ್ದು ಆಚೆಗೋಗ್ತಾನೆ. ಬೆಟ್ಟದ ಮೇಲೆ ಎಲ್ಲಿಗೋಗ್ತೀರಿ?"

ನಾನು ಬರುವುದಿಲ್ಲವೆಂದೆ. ಅವರು ಒತ್ತಾಯಿಸಲಿಲ್ಲ. ಆ ಸುಮ್ಮನಿರುವಿಕೆಯಲ್ಲೂ ಏನೋ ಹೂಟವಿದೆಯೆಂದೇ ನನಗನಿಸಿತು.

ಎರಡು ದಿನ ತಡೆದು, ಭಾನುವಾರ ಬೆಳಿಗ್ಗೆ ನಾನೇ ತಮ್ಮನಿಗೆ ಫೋನು ಮಾಡಿದೆ. ಅವನ ಮೊದಲ ಮಾತು: "ಭಾವ ಪಕ್ಕದಲ್ಲಿ ನಿಂತು ಮಾತಾಡಿಸ್ತಾವ್ರಾ ಅಕ್ಕ?"

"ಇಲ್ಲ, ತರಕಾರಿಗೆ ಹೋಗಿದ್ದಾರೆ. ಅಮ್ಮನ್ನ ಯಾಕೆ ನನ್ನ ಕೇಳ್ದೆ ಕರ್ಕೊಂಡೋದೆ?"

"ಅಮ್ಮನೇ ಮನೆಗೆ ಕರ್ಕೊಂಡೋಗು ಅಂದ್ಲು. ನಿಂಗೆ ಹೇಳಿದ್ರೆ ಬಿಡಲ್ಲ, ಹೇಳ್ಬೇಡ ಅಂದ್ಲು."

ಅಮ್ಮ ಹಾಗೆ ಹೇಳಿರಬಹುದು. ಅವನು ಈಗ ಕಟ್ಟಿರಲೂಬಹುದು. ಕೇಳಿ ತಿಳಿಯಲು ಅಮ್ಮನಿಲ್ಲ. ಆದರೆ ಅವನ ಮಾತಿನಲ್ಲಿದ್ದ ಸಂಕಟ ಸುಳ್ಳಲ್ಲ, ಅದು ಚಿಕ್ಕಂದಿನಿಂದ ನಾನು ಬಲ್ಲ ದನಿ.

"ಜೀಪು ಇಲ್ಲಿಂದ ಬೆಳಗಿನ ಜಾವಕ್ಕೇ ಹೊರಡತ್ತೆ" ಎಂದೆ. "ಹಿಂದಿನ ಸಂಜೆಗೇ ಬಂದ್ಬಿಡಿ. ಊಟ ಇಲ್ಲೇ."