ಅಕ್ಕನನ್ನು ಕೊಂದ ಅಧ್ಯಾಯ

ನಮ್ಮ ಕಡೆ ಯಾರಾದರೂ ಮನೆ ಕಟ್ಟಿಸಲು ಶುರುಮಾಡಿದರೆ ಹೋಗಿಬರುವವರೆಲ್ಲ ‘ಎಲ್ಲಿಗೆ ಬಂತು?’ ಎಂದು ಕೇಳುವುದು ವಾಡಿಕೆ. ‘ಮೋಲ್ಡ್ ಆಯ್ತು’ ಎಂದೋ ‘ಪ್ಲಾಸ್ಟರಿಂಗ್ ನಡೀತಿದೆ’ ಎಂದೋ ಉತ್ತರಿಸಿದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಗೌರವ. ಕಾದಂಬರಿ ಬರೆಯುವವನ ಸಂಕಟವೆಂದರೆ, ಜನ ಅವನನ್ನೂ ಇದೇ ಪ್ರಶ್ನೆ ಕೇಳುತ್ತಾರೆ. ತೋರಿಸಲು ಮಾತ್ರ ಅವನ ಬಳಿ ಒಂದು ಕಂಬಿಯೂ ಇರುವುದಿಲ್ಲ. ಅರೆಕೆರೆಯಲ್ಲಿ ಅಪ್ಪ ಹೂವು ಬೆಳೆಯುತ್ತಿದ್ದ ಜಾಗದಲ್ಲಿ ಮೂರಂತಸ್ತು ಎಬ್ಬಿಸಿ ಬಾಡಿಗೆಯ ಮೇಲೆ ಬದುಕುತ್ತಿರುವ ನನಗೆ ಎರಡೂ ನಿರ್ಮಾಣಗಳ ಅನುಭವವಿದೆ. ಮೊದಲನೆಯದಕ್ಕೆ ಮೇಸ್ತ್ರಿ ಸಿಕ್ಕಿದ್ದ, ಎರಡನೆಯದಕ್ಕೆ ಸಿಗಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಆ ಅಭಾವವನ್ನು ನೀಗಿಸಿಕೊಳ್ಳಲು ನಾನು ಯಶಸ್ವಿ ಲೇಖಕರ ಬೆನ್ನು ಹತ್ತಿದೆ. ಜಯನಗರದ ಸಭಾಂಗಣವೊಂದರಲ್ಲಿ ಭಾನುವಾರಗಳಂದು ಅಂಥವರು ಬಂದು ತಮ್ಮ ಸಾಧನೆಯ ರಹಸ್ಯಗಳನ್ನು ಹಂಚುತ್ತಾರೆ. ಕೊನೆಯಲ್ಲಿ ಉಪ್ಪಿಟ್ಟನ್ನೂ ಹಂಚುತ್ತಾರೆ. ಒಬ್ಬರು ಬ್ರಾಹ್ಮೀ ಮುಹೂರ್ತದಲ್ಲೇ ಬರೆಯಬೇಕೆಂದರು. ನಾನೂ ಎದ್ದು ಕೂತೆ. ಓನರ್ ಅಂಕಲ್ ಬೇಗ ಏಳುತ್ತಾರೆಂಬ ಸುದ್ದಿ ಹಬ್ಬಿ, ಎರಡನೇ ಮಹಡಿಯ ಹುಬ್ಬಳ್ಳಿಯ ಹುಡುಗಿ ಆ ಪವಿತ್ರ ಗಳಿಗೆಯಲ್ಲೇ ‘ನೀರು ಬರವಲ್ದು ನೋಡ್ರಿ ಅಂಕಲ್, ಮೋಟರ್ ಚಾಲೂ ಮಾಡ್ರಿ’ ಎಂದು ಬಾಗಿಲು ಬಡಿಯತೊಡಗಿದಳು. ಇನ್ನೊಬ್ಬರು ತಾವು ನಿಂತುಕೊಂಡೇ ಬರೆಯುವುದಾಗಿ ಹೇಳಿದರು. ಅಡುಗೆಕಟ್ಟೆಯ ಮೇಲೆ ಹಾಳೆ ಹರಡಿ ನಿಂತರೆ, ಹೆಂಡತಿ ‘ಹೆಂಗೂ ನಿಂತಿದೀರಲ್ಲ’ ಎಂದು ಹುರುಳೀಕಾಯಿ ಹೆಚ್ಚಲು ಕೊಟ್ಟಳು. ಅಂದು ಪಲ್ಯವಾದರೂ ಸಕಾಲಕ್ಕೆ ಮುಗಿಯಿತು.

ಮೂರನೆಯವರ ಮಾತು ಮಾತ್ರ ಎದೆಗೆ ನಾಟಿತು. ಲೇಖಕ ತನಗೆ ಅತ್ಯಂತ ಪ್ರಿಯವಾದ ಪಾತ್ರವನ್ನು ಸಾಯಿಸಲು ಹಿಂಜರಿಯಬಾರದು. ಸಾಯಿಸುವಾಗ ಕಣ್ಣೀರಿನ ಮಾತೇ ಇರಬಾರದು. ತನಗೊಬ್ಬನಿಗೇ ಮುಖ್ಯವೆನಿಸುವ ವಿವರಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕಿತ್ತೆಸೆಯಬೇಕು. ನನ್ನ ಕಾದಂಬರಿಯ ಪ್ರಿಯ ಪಾತ್ರವೆಂದರೆ ಪುಟ್ಟಮ್ಮ. ಪುಟ್ಟಮ್ಮನೆಂದರೆ, ಹೆಸರೊಂದು ಬಿಟ್ಟು ಮಿಕ್ಕೆಲ್ಲದರಲ್ಲೂ, ಚಿಕ್ಕಲಸಂದ್ರದಲ್ಲಿರುವ ನನ್ನ ಅಕ್ಕ. ಒಂದು ಬೆಳಿಗ್ಗೆ ಕಾಫಿಗೂ ತಿಂಡಿಗೂ ನಡುವೆ ಅವಳನ್ನು ಪರಮ ಸಂಯಮದಿಂದ ಸಾಯಿಸಿ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹೆಂಡತಿ ಅದನ್ನು ಕೂಡಲೇ ಅಕ್ಕನಿಗೆ ಫೋನಿನಲ್ಲಿ ತಿಳಿಸಿದಳು. ನಮ್ಮ ಮನೆಯ ಸಾಹಿತ್ಯಪ್ರಸಾರವೆಲ್ಲ ಹೀಗೆಯೇ.

ಅಕ್ಕ ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಅವಳಿಗಾಗಲೇ ಬೇರೆ ಚಿಂತೆ ಹತ್ತಿತ್ತು. ಹೊಟ್ಟೆಯಲ್ಲಿದ್ದ ಗಡ್ಡೆಯೊಂದನ್ನು ತೆಗೆಸಲು ಆಪರೇಷನ್ ನಿಗದಿಯಾಗಿತ್ತು. ಅದು ಸಾಲದೆಂಬಂತೆ, ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಕಾಗೆಯೊಂದು ನೆತ್ತಿಗೆ ಬಡಿದುಹೋಗಿತ್ತು. ಕಾಗೆ ತಲೆ ಮುಟ್ಟಿದರೆ ಮೃತ್ಯುಸೂಚನೆಯೆಂಬುದು ನಮ್ಮ ಹಿರಿಯರ ನಂಬಿಕೆ; ಪರಿಹಾರವನ್ನೂ ಅವರೇ ಹೇಳಿದ್ದಾರೆ. ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅತ್ತರೆ, ತನ್ನ ಪಾಲು ಸಂದಿತೆಂದು ಸಾವು ಹಿಂದಿರುಗುತ್ತದೆ. ಆಮೇಲೆ ನಿಜ ತಿಳಿಸಿ ಬೈಸಿಕೊಂಡರಾಯಿತು. ಆದರೆ ಈಗ ಸುದ್ದಿ ಹೋಗುವುದು ವಾಟ್ಸಾಪ್ ಗ್ರೂಪಿಗೆ. ನೆಂಟರೆಲ್ಲ ಕೈಮುಗಿದ ಚಿತ್ರವೊಂದನ್ನು ಒತ್ತಿ, ಮರುಗಳಿಗೆಯಲ್ಲಿ ಇನ್ಯಾರದೋ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಒತ್ತುತ್ತಾರೆ. ಅಳುವ ಪುರಸೊತ್ತು ಯಾರಿಗಿದೆ?

‘ನಿನ್ನ ಬುಕ್ಕಲ್ಲಿ ನಾನು ಸತ್ತಿದೀನಂತಲ್ಲ, ಅದನ್ನೇ ಬಂದು ಓದೋ,’ ಎಂದಳು ಅಕ್ಕ ಫೋನಿನಲ್ಲಿ. ‘ಯಾರಾದ್ರೂ ಒಬ್ರು ಅತ್ರೆ ಸಾಕು, ಧೈರ್ಯವಾಗಿ ಆಸ್ಪತ್ರೆಗೆ ಹೋಗ್ತೀನಿ.’ ನಕ್ಕುಬಿಡೋಣವೆಂದುಕೊಂಡೆ. ಅವಳ ದನಿ ನಡುಗುತ್ತಿತ್ತು, ನಗಲಾಗಲಿಲ್ಲ.

ಮುಂದಿನ ಭಾನುವಾರ ಜಯನಗರಕ್ಕೆ ಚಕ್ಕರ್ ಹೊಡೆದು ಚಿಕ್ಕಲಸಂದ್ರಕ್ಕೆ ಹೋದೆ. ಅಕ್ಕನ ಜೊತೆಗೆ ಭಾವ, ನಮ್ಮ ಚಿಕ್ಕಮ್ಮ, ಚಿಕ್ಕಮ್ಮನ ಸೊಸೆ ಸೇರಿದ್ದರು. ನೀವೂ ಬರೆಯುವವರಾಗಿದ್ದರೆ ನನ್ನ ಪಾಡನ್ನು ಊಹಿಸಿಕೊಳ್ಳಿ: ವಿಮರ್ಶಕರು ಕೇಳುವುದು ಧ್ವನಿ, ವಸ್ತು, ತಂತ್ರ; ಇವರಿಗೆ ಬೇಕಿದ್ದುದು ಕಣ್ಣಲ್ಲಿ ನೀರು. ಓದಿ ಮುಗಿಸಿದೆ. ಸೊಸೆ ಎದ್ದು ಫ್ಯಾನು ಜೋರು ಮಾಡಿದಳು. ಭಾವ ‘ಸಖತ್ತಾಗಿದೆ’ ಎಂದರು. ಚಿಕ್ಕಮ್ಮ ಮಾತ್ರ ‘ಅವಳು ಸತ್ತಿದ್ದು ಯಾವಾಗಪ್ಪಾ? ನಂಗೆ ಗೊತ್ತೇ ಆಗ್ಲಿಲ್ಲ’ ಎಂದು ಪ್ರಾಮಾಣಿಕವಾಗಿ ಕೇಳಿದರು. ಸಭಾಂಗಣದಲ್ಲಾಗಿದ್ದರೆ ಅದನ್ನು ಪ್ರಶಂಸೆಯೆಂದೇ ಸ್ವೀಕರಿಸುತ್ತಿದ್ದೆ. ಇಲ್ಲಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ನನಗೆ ನಿಜವಾಗಿ ಭಯವಾಯಿತು.

ಹಾಳೆ ಕೆಳಗಿಟ್ಟು, ಕಿತ್ತೆಸೆದಿದ್ದ ಒಂದು ವಿವರವನ್ನು ಬಾಯಲ್ಲೇ ಹೇಳತೊಡಗಿದೆ. ಚಿಕ್ಕಂದಿನಲ್ಲಿ ಹೂವಿನ ಕುಕ್ಕೆ ಹೊತ್ತು ಮಡಿವಾಳದ ಮಾರ್ಕೆಟ್ಟಿಗೆ ಹೋಗುವಾಗ ಪುಟ್ಟಮ್ಮನ ಒಂದು ಕೈ ಕುಕ್ಕೆಯ ಮೇಲೆ, ಇನ್ನೊಂದು ತಮ್ಮನ ಅಂಗಿಯ ಮೇಲೆ. ಜನಸಂದಣಿಯಲ್ಲಿ ಅವನೆಲ್ಲಿ ಕಳೆದುಹೋಗುತ್ತಾನೋ ಎಂದು. ಅವನ ತಲೆ ಬೋಳಾದ ಮೇಲೂ ಬನ್ನೇರುಘಟ್ಟ ರಸ್ತೆ ದಾಟುವಾಗ ಅವಳು ಹಿಂದಿನಿಂದ ಅಂಗಿ ಹಿಡಿಯುತ್ತಾಳೆ. ಅವನು ನಾಚಿಕೊಂಡು ಕೊಸರಿಕೊಳ್ಳುತ್ತಾನೆ. ‘ಅವಳು ಹೋದ್ಮೇಲೆ ಒಂದಿನ ತಮ್ಮ ರಸ್ತೆ ದಾಟೋಕೆ ನಿಂತ್ಕೊಂಡ. ಹಿಂದೆ ಯಾರೂ...’ ಎಂದೆ. ಇಷ್ಟು ದಿನ ಪುಟ್ಟಮ್ಮನನ್ನು ಸಾಯಿಸಿದ್ದೆನೇ ಹೊರತು, ಅಕ್ಕ ಇಲ್ಲದಿರುವುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ಸಂಯಮವೆಲ್ಲ ಮಣ್ಣುಪಾಲಾಗಿ ಮಕ್ಕಳಂತೆ ಅತ್ತುಬಿಟ್ಟೆ. ಚಿಕ್ಕಮ್ಮ ‘ಅಯ್ಯೋ ನನ್ ತಾಯಿ!’ ಎಂದು ಎದೆ ಬಡಿದುಕೊಂಡರು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು.

ಅಕ್ಕ ತಟ್ಟನೆ ಎದ್ದು ನಿಂತು, ಶಾಸ್ತ್ರ ತಪ್ಪಬಾರದೆಂದು, ‘ಸುಳ್ಳು ಸುಳ್ಳು! ನಾನಿಲ್ಲೇ ಇದೀನಿ!’ ಎಂದು ಕೂಗಿ, ಎಲ್ಲರಿಗೂ ಕಾಫಿ ಮಾಡಲು ಒಳಗೆ ನಡೆದಳು.

ಕಿತ್ತೆಸೆದಿದ್ದನ್ನೆಲ್ಲ ಮತ್ತೆ ಸೇರಿಸಿ ಬರೆದೆ. ಆ ಲೇಖಕರು ಹೇಳಿದ್ದು ತಪ್ಪೇನಲ್ಲ; ಅವರ ಕೇಳುಗರು ಬೇರೆ, ನನ್ನವರು ಬೇರೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಶ್ರೇಯಸ್ಸು ಡಾಕ್ಟರಿಗೋ ನನ್ನ ಅಳುವಿಗೋ ಎಂಬ ಜಿಜ್ಞಾಸೆಗೆ ನಾನು ಇಳಿಯುವುದಿಲ್ಲ. ವಾರ್ಡಿನಲ್ಲಿ ಅವಳ ಪಕ್ಕ ಕೂತು, ಸಂತೋಷ ತಡೆಯಲಾರದೆ, ‘ಅಕ್ಕ, ಪುಟ್ಟಮ್ಮನ್ನ ಬದುಕಿಸಿಬಿಡ್ತೀನಿ’ ಎಂದೆ. ಅರೆಮುಚ್ಚಿದ್ದ ಕಣ್ಣುಗಳು ಪೂರ್ತಿ ತೆರೆದವು.

‘ಏ, ಬೇಡ ಕಣೋ! ಅವಳು ಅಲ್ಲಿ ಎದ್ದು ಕೂತ್ರೆ ಸಾವು ಮತ್ತೆ ನನ್ನನ್ನ ಹುಡುಕ್ಕೊಂಡು ಬರುತ್ತೆ. ಸತ್ತೋಳು ಸತ್ತಂಗೇ ಇರ್ಲಿ.’ ಆಮೇಲೆ ಮೆಲ್ಲಗೆ ಸೇರಿಸಿದಳು: ‘ಇನ್ನೊಂದು ಬುಕ್ ಬರಿ. ಅದ್ರಲ್ಲೂ ನನ್ನನ್ನೇ ಸಾಯ್ಸು.’